ಚಂಚಲಸಾಕ್ಷಿ

ನಿಜವನ್ನೇ ನುಡಿಯುವ ಸಾಕ್ಷಿಯೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಎಲ್ಲರೂ ಬಲ್ಲರು. ಸುಳ್ಳನ್ನೇ ನುಡಿಯುವ ಸಾಕ್ಷಿಯೊಡನೆ ನಡೆದುಕೊಳ್ಳುವುದೂ ಅಷ್ಟೇನೂ ಕಷ್ಟವಲ್ಲ. ಅವನು ಹೌದೆಂದುದನ್ನು ಅಲ್ಲವೆಂದೂ ಅಲ್ಲವೆಂದುದನ್ನು ಹೌದೆಂದೂ ಎಣಿಸಿಕೊಂಡರೆ ಅವನಿಂದಲೂ ಒಂದು ಬಗೆಯ ಉಪಕಾರವೇ ಆಗುತ್ತದೆ. ನಿಜವಾದ ತೊಡಕು ಬರುವುದು ಮೂರನೆಯ ಬಗೆಯ ಸಾಕ್ಷಿಯಿಂದ. ಅವನಿಗೆ ಯಾರ ಮೇಲೂ ದ್ವೇಷವಿಲ್ಲ. ಅವನು ಯಾರಿಂದಲೂ ಲಂಚ ಪಡೆದವನಲ್ಲ. ಆದರೂ ಒಂದೇ ಸಂಗತಿಯನ್ನು ಕುರಿತು ಬೆಳಿಗ್ಗೆ ಕೇಳಿದರೆ ಒಂದು ಮಾತು, ಸಂಜೆ ಕೇಳಿದರೆ ಇನ್ನೊಂದು ಮಾತು. ಅವನು ಹೇಳುವುದು ಬಹುಪಾಲು ನಿಜ. ಆದರೆ ಇಂದಿನ ಮಾತು ಆ ಬಹುಪಾಲಿಗೆ ಸೇರಿದ್ದೋ ಉಳಿದ ಅಲ್ಪಪಾಲಿಗೆ ಸೇರಿದ್ದೋ ಎಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು. ಇಂಥವನನ್ನು ನಂಬಬೇಕೆ, ಹೊರಗೆ ಹಾಕಬೇಕೆ, ತಿದ್ದಬೇಕೆ? ಈ ಪ್ರಶ್ನೆಯನ್ನು ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಇದು ನ್ಯಾಯಸ್ಥಾನಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಇಂದು ನಮ್ಮ ಬಾಳಿನಲ್ಲಿ ಸಾಕ್ಷಿ ನುಡಿಯುವವರಲ್ಲಿ ಬಹುಮಂದಿ ಮನುಷ್ಯರಲ್ಲ, ಯಂತ್ರಗಳು. ನಮ್ಮ ಜಿಲ್ಲೆಗೆ ಯಂತ್ರವೆಂಬುದು ಹೊಸ ಅತಿಥಿಯೂ ಅಲ್ಲ. ೧೯೦೨ರಲ್ಲಿಯೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರು ವಿದ್ಯುಚ್ಛಕ್ತಿಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಯಂತ್ರವು ಬಂದಲ್ಲಿಗೆ ಅಳತೆಯೂ ಬಂತು. ಅಳತೆಯು ಬಂದಲ್ಲಿಗೆ ಅಳತೆಯ ಮೇಲಿನ ನಂಬಿಕೆ ಅಪನಂಬಿಕೆಗಳೂ ಬಂದುವು. ಕಬ್ಬಿನ ಗಾಡಿಯನ್ನು ತೂಕಕ್ಕೆ ನಿಲ್ಲಿಸಿದ ರೈತನು ಮುಳ್ಳಿನ ಕಡೆ ನೋಡುವ ನೋಟವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ.

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನೇ ತೆಗೆದುಕೊಳ್ಳೋಣ. ಅದರ ಗರಿಷ್ಠ ಮಟ್ಟ ೧೨೪.೮೦ ಅಡಿ ಎಂಬುದು ನಮ್ಮ ಜಿಲ್ಲೆಯ ಶಾಲಾಬಾಲಕನಿಗೂ ಬಾಯಿಪಾಠವಾಗಿರುವ ಅಂಕಿ. ಮುಂಗಾರಿನ ದಿನಗಳಲ್ಲಿ ಪತ್ರಿಕೆಯನ್ನು ಕೈಗೆತ್ತಿಕೊಂಡ ಬೇಸಾಯಗಾರನು ಮೊದಲು ಹುಡುಕುವುದು ಇಂದು ಎಷ್ಟು ಅಡಿಯಾಯಿತೆಂಬುದನ್ನು. ಆ ಒಂದು ಅಂಕಿಯ ಮೇಲೆ ಒಟ್ಟಲು ಹಾಕುವುದೋ ಬೇಡವೋ ಎಂಬ ನಿರ್ಣಯ ನಿಂತಿದೆ. ಆ ಮಟ್ಟವನ್ನು ತೋರಿಸುವ ಅಳತೆಗೋಲು ನೀರು ಇದ್ದಷ್ಟೇ ಇರುವಾಗಲೂ ಇಂದು ೧೧೦ ಎಂದು, ನಾಳೆ ೧೧೮ ಎಂದು, ನಾಳಿದ್ದು ಮತ್ತೆ ೧೧೧ ಎಂದು ತೋರಿಸಲಾರಂಭಿಸಿತೆಂದು ಊಹಿಸಿರಿ. ಮೊದಲ ವಾರ ಜನರು ಗಾಬರಿಗೊಳ್ಳುವರು. ಎರಡನೆಯ ವಾರ ನಗುವರು. ಮೂರನೆಯ ವಾರ ನೋಡುವುದನ್ನೇ ಬಿಟ್ಟುಬಿಡುವರು. ಆಗ ನಷ್ಟವಾದದ್ದು ಒಂದು ದಿನದ ಸತ್ಯವಲ್ಲ. ಸತ್ಯವನ್ನು ಹೇಳಿದರೂ ಯಾರೂ ಕೇಳದಂಥ ಸ್ಥಿತಿಯೊಂದು ಉಂಟಾಯಿತು. ಸುಳ್ಳು ಒಂದು ಮಾತನ್ನು ಕೆಡಿಸುತ್ತದೆ. ಚಾಂಚಲ್ಯವು ಕಿವಿಯನ್ನೇ ಕೆಡಿಸುತ್ತದೆ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಮಂಡ್ಯ ಮದ್ದೂರುಗಳ ನಿಲ್ದಾಣಗಳಲ್ಲಿ ರೈಲು ಹತ್ತಿ, ಮಳವಳ್ಳಿಯಲ್ಲಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವ ತರುಣ ತರುಣಿಯರಲ್ಲಿ ಅನೇಕರು ಸಾಫ್ಟ್‌ವೇರ್ ಕಚೇರಿಗಳ ಉದ್ಯೋಗಿಗಳು. ಅವರು ಮಾಡುವ ಕೆಲಸವೇನೆಂದು ಮನೆಯ ಹಿರಿಯರಿಗೆ ಅನೇಕ ವೇಳೆ ತಿಳಿದಿರುವುದಿಲ್ಲ. ತಿಳಿಯುವಂತೆ ಹೇಳುವ ಶ್ರಮವನ್ನು ಕಿರಿಯರೂ ವಹಿಸುವುದಿಲ್ಲ. ಗಣಕಯಂತ್ರಕ್ಕೆ ಕ್ರಮವಾಗಿ ಬರೆದುಕೊಟ್ಟ ಆಜ್ಞೆಗಳ ಸಮೂಹವೇ ಸಾಫ್ಟ್‌ವೇರು. ಅದು ಒಮ್ಮೆ ಬರೆದು ಮುಗಿಸುವ ಗ್ರಂಥವಲ್ಲ. ಹತ್ತಾರು ಮಂದಿ ಕೂಡಿ ದಿನದಿನವೂ ಅದಕ್ಕೆ ಸೇರಿಸುತ್ತಾರೆ, ಅದರಿಂದ ತೆಗೆಯುತ್ತಾರೆ, ಅದನ್ನು ತಿದ್ದುತ್ತಾರೆ. ಒಂದು ಕಡೆ ತಿದ್ದಿದಾಗ ಇನ್ನೊಂದು ಕಡೆ ಕೆಡದೆ ಇದ್ದೀತೆಂಬ ಭರವಸೆ ಏನು? ಆ ಭರವಸೆಗಾಗಿ ಅವರು ಮೂಲದ ಬರಹದ ಜೊತೆಗೇ ಪರೀಕ್ಷೆಗಳನ್ನೂ ಬರೆದಿಡುತ್ತಾರೆ. ಪರೀಕ್ಷೆಯೆಂದರೆ ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆ. ೮ ಲೀಟರು ಹಾಲು, ಲೀಟರಿಗೆ ೩೫ ರೂಪಾಯಿ, ಒಟ್ಟು ಎಷ್ಟು? ೨೮೦ ಎಂದರೆ ಸರಿ. ಬೇರೆ ಏನೆಂದರೂ ತಪ್ಪು. ಇಂಥ ಸಾವಿರಾರು ಪ್ರಶ್ನೆಗಳನ್ನು ಯಂತ್ರವೇ ಯಂತ್ರಕ್ಕೆ ಪ್ರತಿ ತಿದ್ದುಪಡಿಯ ಬಳಿಕವೂ ಕೇಳುತ್ತದೆ. ಎಲ್ಲಕ್ಕೂ ಸರಿಯುತ್ತರ ಬಂದರೆ ಹಸುರು ಗುರುತು. ಒಂದು ತಪ್ಪಿದರೂ ಕೆಂಪು ಗುರುತು. ಕೆಂಪು ಬಂದರೆ ಕೆಲಸ ನಿಲ್ಲಬೇಕು, ತಪ್ಪನ್ನು ಹುಡುಕಬೇಕು. ಇದು ನಿಯಮ.

ಆದರೆ ಎಲ್ಲ ಪ್ರಶ್ನೆಗಳೂ ಲೆಕ್ಕದ ಪ್ರಶ್ನೆಯಷ್ಟು ಸರಳವಾಗಿರುವುದಿಲ್ಲ. ಹಾಲಿನ ಹಣವು ಬ್ಯಾಂಕಿಗೆ ಹೋಗಿ ಜಮೆಯಾಯಿತೆಂಬ ಉತ್ತರವು ಎರಡು ಕ್ಷಣಗಳಲ್ಲಿ ಬರಬೇಕೆಂದು ಪರೀಕ್ಷೆಯಲ್ಲಿ ಬರೆದಿದೆಯೆನ್ನೋಣ. ಯಂತ್ರಕ್ಕೆ ಬಿಡುವಿದ್ದಾಗ ಉತ್ತರವು ಒಂದೇ ಕ್ಷಣದಲ್ಲಿ ಬರುತ್ತದೆ, ಹಸುರು. ಅದೇ ಯಂತ್ರಕ್ಕೆ ಕೈತುಂಬ ಕೆಲಸವಿದ್ದಾಗ ಮೂರು ಕ್ಷಣ ಹಿಡಿಯುತ್ತದೆ, ಕೆಂಪು. ಬರಹದಲ್ಲಿ ಒಂದಕ್ಷರವೂ ಬದಲಾಗಿಲ್ಲ. ತೀರ್ಪು ಮಾತ್ರ ಬದಲಾಯಿತು. ಒಬ್ಬರು ಮಜ್ಜಿಗೆ ಕಡೆದ ಪಾತ್ರೆಯನ್ನು ತೊಳೆಯದೆ ಬಿಟ್ಟರೆ ಮುಂದಿನವರು ಕಾಯಿಸಿಟ್ಟ ಹಾಲು ಒಡೆಯುವಂತೆ, ಒಂದು ಪರೀಕ್ಷೆ ಬಿಟ್ಟುಹೋದ ಉಳಿಕೆಯಿಂದ ಮುಂದಿನ ಪರೀಕ್ಷೆ ಕೆಡುವುದೂ ಉಂಟು. ಇಂಥ ಪರೀಕ್ಷೆಗಳನ್ನು ಆ ಕಸಬಿನವರು ‘ಫ್ಲೇಕಿ’ ಎಂದು ಕರೆಯುತ್ತಾರೆ. ನಾವು ಚಂಚಲಪರೀಕ್ಷೆಗಳೆಂದು ಕರೆಯೋಣ.

ಇದು ಅಪರೂಪದ ವ್ಯಾಧಿಯಲ್ಲ. ಗೂಗಲ್ ಸಂಸ್ಥೆಯವರು ೨೦೧೬ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅವರ ಪರೀಕ್ಷೆಗಳಲ್ಲಿ ೧೦೦ಕ್ಕೆ ಸುಮಾರು ೧೬ರಲ್ಲಿ ಒಂದಲ್ಲ ಒಂದು ಪ್ರಮಾಣದ ಚಾಂಚಲ್ಯವಿತ್ತು. ಹಸುರಿನಿಂದ ಕೆಂಪಿಗೆ ತಿರುಗಿದ ಸಂದರ್ಭಗಳಲ್ಲಿ ೧೦೦ಕ್ಕೆ ೮೪ರಷ್ಟರಲ್ಲಿ ಚಂಚಲಪರೀಕ್ಷೆಯ ಕೈವಾಡವಿತ್ತು. ಅಲ್ಪ ಚಾಂಚಲ್ಯವೂ ಎಷ್ಟು ದೊಡ್ಡದಾಗಿ ಬೆಳೆಯುತ್ತದೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದೊಂದು ಪರೀಕ್ಷೆಯೂ ಸಾವಿರಕ್ಕೆ ಒಂದೇ ಬಾರಿ ಸುಳ್ಳುಕೆಂಪನ್ನು ತೋರಿಸುತ್ತದೆಯೆನ್ನೋಣ. ಮನುಷ್ಯರಲ್ಲಿ ಅಷ್ಟು ಸತ್ಯವಂತನಾದರೆ ಅವನನ್ನು ಹರಿಶ್ಚಂದ್ರನೆಂದೇ ಕರೆದೇವು. ಆದರೆ ಅಂಥ ಸಾವಿರ ಪರೀಕ್ಷೆಗಳು ಒಟ್ಟಿಗೆ ನಡೆದಾಗ ಎಲ್ಲವೂ ಹಸುರಾಗುವ ಸಂಭವ ೧೦೦ಕ್ಕೆ ೩೭ ಮಾತ್ರ. ಉಳಿದ ೬೩ ಸಲ ಎಲ್ಲಿಯಾದರೂ ಒಂದು ಸುಳ್ಳುಕೆಂಪು ಕಾಣಿಸಿಯೇ ತೀರುತ್ತದೆ. ಸಾವಿರ ಹರಿಶ್ಚಂದ್ರರ ಸಭೆಯೂ ಹೀಗೆ ನಂಬಿಕೆಗೆ ಅನರ್ಹವಾಗಿ ಪರಿಣಮಿಸುತ್ತದೆ.

ಈ ಸ್ಥಿತಿಯಲ್ಲಿ ಕೆಲಸಗಾರರು ಏನು ಮಾಡುತ್ತಾರೆ? ಕೆಂಪು ಬಂದರೆ ‘ಮತ್ತೊಮ್ಮೆ ಓಡಿಸು’ ಎಂಬ ಗುಂಡಿಯನ್ನು ಒತ್ತುತ್ತಾರೆ. ಹಸುರು ಬಂದರೆ ಮುಂದೆ ಹೋಗುತ್ತಾರೆ. ಬಾರದಿದ್ದರೆ ಮೂರನೆಯ ಸಲ ಒತ್ತುತ್ತಾರೆ. ಕೆಲವು ಕಡೆ ಈ ಶ್ರಮವೂ ಬೇಡವೆಂದು, ಮೂರು ಸಲ ಕೇಳಿ ಒಂದು ಸಲ ಸರಿಯೆಂದರೂ ಸರಿಯೆಂದೇ ಬರೆದುಕೊಳ್ಳುವಂತೆ ಯಂತ್ರಕ್ಕೇ ಹೇಳಿಟ್ಟಿರುತ್ತಾರೆ. ಇದರ ಅರ್ಥವನ್ನು ಯೋಚಿಸಿರಿ. ಮೂವರು ಸಾಕ್ಷಿಗಳನ್ನು ಕರೆಸಿ, ಇಬ್ಬರು ಪ್ರತಿಕೂಲವಾಗಿ ನುಡಿದರೆ ಅವರನ್ನು ಕಳುಹಿಸಿ, ಅನುಕೂಲವಾಗಿ ನುಡಿದ ಒಬ್ಬನ ಹೇಳಿಕೆಯನ್ನು ಮಾತ್ರ ದಾಖಲೆ ಮಾಡಿಕೊಂಡಂತಾಯಿತು. ಎರಡು ಬಾರಿಗೆ ಒಂದು ಬಾರಿ ಮಾತ್ರ ಹೊರಕಾಣಿಸುವ ನಿಜವಾದ ದೋಷವೊಂದು ಬರಹದಲ್ಲಿದ್ದರೆ, ಈ ಪದ್ಧತಿಯಲ್ಲಿ ಅದು ೮ಕ್ಕೆ ೭ ಸಲ ಸಿಕ್ಕದೆ ನುಸುಳಿಕೊಳ್ಳುತ್ತದೆ. ಸುಳ್ಳುಕೆಂಪಿನ ಕಾಟವನ್ನು ತಪ್ಪಿಸಿಕೊಳ್ಳಲು ಹೂಡಿದ ಉಪಾಯವು ಸುಳ್ಳುಹಸುರಿನ ಕಾರ್ಖಾನೆಯಾಯಿತು.

ತೋಳ ಬಂತು ತೋಳವೆಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲರೂ ಎಳವೆಯಲ್ಲಿ ಕೇಳಿದವರೇ. ಆ ಕಥೆಯ ನೀತಿಯೆಂದು ನಮಗೆ ಕಲಿಸಿದ್ದು ಸುಳ್ಳು ಹೇಳಬಾರದೆಂಬುದು. ಆದರೆ ಆ ಕಥೆಯಲ್ಲಿ ಹುಡುಗನೊಬ್ಬನೇ ಇಲ್ಲ, ಊರವರೂ ಇದ್ದಾರೆ. ಕಾವಲಿನವನ ಕೂಗು ನಂಬತಕ್ಕದ್ದಲ್ಲವೆಂಬುದು ಅವರಿಗೆ ತಿಳಿದು ಎಷ್ಟೋ ದಿನವಾಗಿತ್ತು. ಅವರು ಅವನನ್ನು ತಿದ್ದಲಿಲ್ಲ. ಅವನ ಜಾಗದಲ್ಲಿ ಬೇರೆಯವನನ್ನು ಇಡಲಿಲ್ಲ. ತಾವೇ ಸರದಿಯಂತೆ ಕಾಯಲೂ ಇಲ್ಲ. ಕಾವಲು ಇದೆಯೆಂಬ ಹೆಸರನ್ನು ಉಳಿಸಿಕೊಂಡು ಕೂಗಿಗೆ ಕಿವಿಮುಚ್ಚುವುದನ್ನು ಮಾತ್ರ ಕಲಿತರು. ಕುರಿಗಳು ಸತ್ತದ್ದಕ್ಕೆ ಹುಡುಗನ ಸುಳ್ಳು ಎಷ್ಟು ಕಾರಣವೋ ಊರವರ ಈ ಅರೆಮನಸ್ಸೂ ಅಷ್ಟೇ ಕಾರಣ. ನಮ್ಮ ಚಂಚಲಪರೀಕ್ಷೆಯಂತೂ ಆ ಹುಡುಗನಷ್ಟೂ ಅಪರಾಧಿಯಲ್ಲ. ಅದಕ್ಕೆ ಮನಸ್ಸೆಂಬುದೇ ಇಲ್ಲ. ಆದುದರಿಂದ ಇಲ್ಲಿ ಧರ್ಮಾಧರ್ಮದ ವಿಚಾರವೆಲ್ಲ ಊರವರ ಮೇಲೆಯೇ ನಿಲ್ಲುತ್ತದೆ.

ಕಿವಿಮುಚ್ಚುವ ಅಭ್ಯಾಸವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಒಂದು ದಾರುಣ ನಿದರ್ಶನವುಂಟು. ಥೆರಾಕ್-೨೫ ಎಂಬುದು ವ್ರಣರೋಗಿಗಳಿಗೆ ಕಿರಣಚಿಕಿತ್ಸೆ ಮಾಡುತ್ತಿದ್ದ ಯಂತ್ರ; ಅದನ್ನು ನಡೆಸುತ್ತಿದ್ದುದು ಸಾಫ್ಟ್‌ವೇರು. ೧೯೮೫ರಿಂದ ೧೯೮೭ರವರೆಗಿನ ಅವಧಿಯಲ್ಲಿ ಅಮೆರಿಕ ಕೆನಡಾ ದೇಶಗಳಲ್ಲಿ ೬ ಮಂದಿ ರೋಗಿಗಳು ಅದರಿಂದ ಮಿತಿಮೀರಿದ ಕಿರಣಾಘಾತಕ್ಕೆ ಗುರಿಯಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಆ ಯಂತ್ರವು ಎಚ್ಚರಿಕೆ ಕೊಡದೆ ಇರಲಿಲ್ಲ. ಕೊಡುತ್ತಿದ್ದುದು ಅತಿಯಾಗಿತ್ತು. ಬರಿಯ ಒಂದು ಸಂಖ್ಯೆಯೊಡನೆ ‘ದೋಷ’ವೆಂದು ತೋರಿಸುವುದು, ನಡೆಸುವವರು ಒಂದು ಅಕ್ಷರವನ್ನು ಒತ್ತಿ ಮುಂದುವರಿಸುವುದು, ಇದು ನಿತ್ಯದ ವ್ಯವಹಾರವಾಗಿಬಿಟ್ಟಿತ್ತು. ನಿಜವಾದ ವಿಪತ್ತಿನ ದಿನ ಎಚ್ಚರಿಕೆಯು ಬಂದಾಗಲೂ ಬೆರಳು ಅಭ್ಯಾಸಬಲದಿಂದ ಅದೇ ಅಕ್ಷರವನ್ನು ಒತ್ತಿತು. ಆ ಬೆರಳಿನವರು ಕ್ರೂರರಲ್ಲ, ಸೋಮಾರಿಗಳೂ ಅಲ್ಲ. ಅವರ ಎಚ್ಚರವನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಸವೆಸಿದ್ದು ಆ ಯಂತ್ರವೇ.

ಇಲ್ಲಿ ಒಂದು ಆಕ್ಷೇಪಣೆಯು ಸಹಜವಾಗಿ ಹುಟ್ಟುತ್ತದೆ. ವ್ಯವಹಾರಜ್ಞನು ಹೀಗೆ ಹೇಳಬಹುದು: “೧೦೦ ಕೆಂಪುಗಳಲ್ಲಿ ೮೪ರಲ್ಲಿ ಚಾಂಚಲ್ಯದ ಕೈವಾಡವೆಂದು ನೀವೇ ಹೇಳಿದಿರಿ. ಅಂಥ ಎಚ್ಚರಿಕೆಯನ್ನು ಅಲಕ್ಷ್ಯಮಾಡುವುದು ವಿವೇಕವೇ ಹೊರತು ಅಪರಾಧವಲ್ಲ. ಗೊತ್ತಾದ ದಿನಕ್ಕೆ ಕೆಲಸವನ್ನು ಒಪ್ಪಿಸಬೇಕಾದವನು ಪ್ರತಿಯೊಂದು ಕೆಂಪಿನ ಹಿಂದೆಯೂ ಓಡುತ್ತ ಕುಳಿತರೆ ಹೊಟ್ಟೆಗೇನು?” ಈ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪಿಕೊಳ್ಳತಕ್ಕದ್ದೇ. ಆ ಕ್ಷಣಕ್ಕೆ ಆ ಒಬ್ಬ ಕೆಲಸಗಾರನ ಮಟ್ಟಿಗೆ ಅಲಕ್ಷ್ಯವೇ ವಿವೇಕವಾಗಿರಬಹುದು. ಆದರೆ ಅಲಕ್ಷ್ಯವು ವಿವೇಕವಾಗುವಂಥ ಸ್ಥಿತಿಯನ್ನು ತಂದವರು ಯಾರು? ಒಂದು ಪರೀಕ್ಷೆಯು ಮೊದಲ ಬಾರಿ ಎರಡು ಮಾತಾಡಿದ ದಿನವೇ ಅದನ್ನು ವಿಚಾರಿಸಿದ್ದರೆ ಈ ೮೪ರ ರಾಶಿ ಬೆಳೆಯುತ್ತಿರಲಿಲ್ಲ. ಕೆರೆಯ ಏರಿಯಲ್ಲಿ ಬಿಲ ಬಿದ್ದ ದಿನ ಸುಮ್ಮನಿದ್ದು, ಏರಿ ಒಡೆದ ರಾತ್ರಿ ‘ಈಗ ಓಡಿಹೋಗುವುದೇ ವಿವೇಕ’ ಎಂದರೆ ಆ ಮಾತು ನಿಜವೇ. ಆದರೆ ಅದರಿಂದ ಬಿಲದ ದಿನದ ಹೊಣೆ ತೀರಲಿಲ್ಲ. ಹೊಣೆಯು ಆ ಕ್ಷಣದಿಂದ ಹಿಂದಕ್ಕೆ ಸರಿಯಿತೇ ಹೊರತು ಇಲ್ಲವಾಗಲಿಲ್ಲ.

ನಮ್ಮ ಪ್ರಾಚೀನ ತಾರ್ಕಿಕರು ಈ ವ್ಯಾಧಿಗೆ ಬಹು ಹಿಂದೆಯೇ ಹೆಸರಿಟ್ಟಿದ್ದಾರೆ. ನ್ಯಾಯಸೂತ್ರಗಳಲ್ಲಿ ಗೌತಮನು ಐದು ಹೇತ್ವಾಭಾಸಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳುವುದು ಸವ್ಯಭಿಚಾರವನ್ನು. ಅನೈಕಾಂತಿಕವೆಂದೂ ಅದಕ್ಕೆ ಹೆಸರು. ಸಾಧ್ಯವಿರುವಲ್ಲಿಯೂ ಇಲ್ಲದಿರುವಲ್ಲಿಯೂ ಒಂದೇ ಸಮನಾಗಿ ಕಾಣಿಸಿಕೊಳ್ಳುವ ಹೇತುವಿನಿಂದ ಯಾವ ನಿಶ್ಚಯವೂ ಹುಟ್ಟದು. ದೋಷವಿದ್ದಾಗಲೂ ಇಲ್ಲದಾಗಲೂ ಕಾಣಿಸುವ ಕೆಂಪು ಗುರುತು ಇದಕ್ಕೆ ತಕ್ಕ ಉದಾಹರಣೆ. ಆದರೆ ತಾರ್ಕಿಕರು ಇಲ್ಲಿಗೇ ನಿಲ್ಲಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ; ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿ? ಹಾಗಾದರೆ ಬೆಂಕಿಯು ಒಮ್ಮೆ ಹೊಗೆಯೊಡನೆಯೂ ಒಮ್ಮೆ ಹೊಗೆಯಿಲ್ಲದೆಯೂ ಇರುವುದಕ್ಕೆ ಕಾರಣವೇನು? ಹಸಿಯ ಸೌದೆ. ಇದನ್ನು ಅವರು ಉಪಾಧಿಯೆಂದು ಕರೆದರು. ಚಾಂಚಲ್ಯವು ಕೇವಲ ಚಾಂಚಲ್ಯವಲ್ಲ. ನಾವು ಗಮನಿಸದೆ ಬಿಟ್ಟ ಉಪಾಧಿಯೊಂದು ಅದರ ಹಿಂದೆ ಇದ್ದೇ ಇರುತ್ತದೆ. ಯಂತ್ರದ ಹೊರೆ, ಉತ್ತರದ ವಿಳಂಬ, ತೊಳೆಯದ ಪಾತ್ರೆ, ಮಧ್ಯರಾತ್ರಿಯಲ್ಲಿ ಬದಲಾಗುವ ತಾರೀಖು, ಇವೆಲ್ಲ ನಮ್ಮ ಕಾಲದ ಹಸಿಯ ಸೌದೆಗಳು.

ಈ ಉಪಾಧಿಶೋಧನೆಯು ಕೇವಲ ಪಾಂಡಿತ್ಯದ ಮಾತಲ್ಲ. ೨೦೧೪ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಅಪಾಚೆ ಸಂಸ್ಥೆಯ ಆಶ್ರಯದಲ್ಲಿ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರುಗಳಲ್ಲಿ ಚಂಚಲಪರೀಕ್ಷೆಗಳನ್ನು ತಿದ್ದಿದ ೨೦೧ ಸಂದರ್ಭಗಳನ್ನು ವಿದ್ವಾಂಸರು ಪರಿಶೀಲಿಸಿದರು. ಕಾರಣ ತಿಳಿದವುಗಳಲ್ಲಿ ೧೦೦ಕ್ಕೆ ೪೫ರಷ್ಟಕ್ಕೆ ಉತ್ತರಕ್ಕಾಗಿ ಸರಿಯಾಗಿ ಕಾಯದಿರುವುದೇ ಕಾರಣವಾಗಿತ್ತು. ಸುಮಾರು ೨೦ಕ್ಕೆ ಏಕಕಾಲದಲ್ಲಿ ನಡೆಯುವ ಕೆಲಸಗಳ ಘರ್ಷಣೆಯೂ, ೧೨ಕ್ಕೆ ಪರೀಕ್ಷೆಗಳ ಪೂರ್ವಾಪರಕ್ರಮವೂ ಕಾರಣವಾಗಿದ್ದುವು. ಇನ್ನೂ ಗಮನಾರ್ಹವಾದುದೆಂದರೆ, ಸುಮಾರು ನಾಲ್ಕರಲ್ಲೊಂದು ಪಾಲಿನ ತಿದ್ದುಪಡಿಗಳು ಪರೀಕ್ಷೆಗೊಳಗಾದ ಮೂಲದ ಬರಹವನ್ನೇ ಮುಟ್ಟಬೇಕಾಯಿತು. ಅವುಗಳಲ್ಲಿ ಬಹುಪಾಲು ನಿಜವಾದ ದೋಷಗಳನ್ನೇ ಸರಿಪಡಿಸಿದುವು. ಎಂದರೆ ಸಾಕ್ಷಿಯು ಚಂಚಲನೆಂದು ನಾವು ಜರಿದ ಎಷ್ಟೋ ಕಡೆ ಚಾಂಚಲ್ಯವಿದ್ದುದು ಸಾಕ್ಷಿಯಲ್ಲಲ್ಲ. ಅವನು ಕಂಡ ವಸ್ತುವಿನಲ್ಲಿಯೇ. ವಸ್ತುವೇ ಎರಡು ಬಗೆಯಾಗಿ ನಡೆದಾಗ ನಿಷ್ಠಾವಂತನಾದ ಸಾಕ್ಷಿಯು ಎರಡು ಮಾತಾಡದೆ ಇನ್ನೇನು ಮಾಡಿಯಾನು?

ನಮ್ಮ ಹಳ್ಳಿಗಳ ಹಾಲಿನ ಡೇರಿಯಲ್ಲಿ ಇದರ ಪ್ರತಿರೂಪವನ್ನು ದಿನವೂ ಕಾಣಬಹುದು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಗೆ ಸೇರುವ ಹಾಲು ಮೊದಲು ಊರೂರಿನ ಸಂಘದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಹಾಲಿನ ಸಾಂದ್ರತೆಯನ್ನು ತೋರಿಸುವ ಲ್ಯಾಕ್ಟೋಮೀಟರು ಒಂದು ಗೊತ್ತಾದ ಉಷ್ಣತೆಗೆಂದು ಗುರುತು ಮಾಡಿದ ಗಾಜಿನ ಬುರುಡೆ. ಹಾಲು ಅದಕ್ಕಿಂತ ಬೆಚ್ಚಗಿದ್ದರೆ ಡಿಗ್ರಿ ಕಡಮೆಯಾಗಿ ಕಾಣುತ್ತದೆ. ತಣ್ಣಗಿದ್ದರೆ ಹೆಚ್ಚಾಗಿ ಕಾಣುತ್ತದೆ. ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪರೀಕ್ಷಕನು ಆಗತಾನೆ ಕರೆದು ತಂದ ಶುದ್ಧವಾದ ಹಾಲನ್ನು ನೀರು ಬೆರೆಸಿದ್ದೆಂದು ಹೇಳಿಬಿಡಬಹುದು. ಅದೇ ಬುರುಡೆಯನ್ನು ವಂಚಿಸುವ ದಾರಿಯೂ ಉಂಟು. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಅಳತೆಯರಿತು ಮಾಡಿದವನ ಹಾಲು ಪರೀಕ್ಷೆಯಲ್ಲಿ ನಿರ್ದೋಷವಾಗಿ ತೇರ್ಗಡೆಯಾಗುತ್ತದೆ. ಆದುದರಿಂದಲೇ ಜಿಡ್ಡಿನ ಅಂಶವನ್ನೂ ಬೇರೆಯಾಗಿ ಪರೀಕ್ಷಿಸುವುದು. ಒಂದೇ ಪರೀಕ್ಷೆಯು ಹೀಗೆ ನಿರಪರಾಧಿಯನ್ನು ಹಿಡಿಯುವುದೂ ಅಪರಾಧಿಯನ್ನು ಬಿಡುವುದೂ ಸಾಧ್ಯ. ತಿಳಿದವನು ಬುರುಡೆಯನ್ನು ಒಡೆದುಹಾಕುವುದಿಲ್ಲ, ಅದರ ಮಾತೇ ವೇದವಾಕ್ಯವೆಂದೂ ಎನ್ನುವುದಿಲ್ಲ, ಉಷ್ಣಮಾಪಕವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾನೆ.

ಹಾಗಾದರೆ ‘ಮತ್ತೊಮ್ಮೆ ಕೇಳು’ ಎಂಬುದು ಯಾವಾಗಲೂ ತಪ್ಪೆ? ಹಾಗೆ ಹೇಳಲಾಗದು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತುವ ಯಂತ್ರವನ್ನು ನೆನೆಯಿರಿ. ನಾಟಿ ಹಾಕಿ, ಕಳೆ ಕಿತ್ತು, ಕಬ್ಬಿನ ಸೋಗೆ ಸುಲಿದು ಸವೆದುಹೋದ ಮುದುಕಿಯ ಬೆರಳಿನ ಗೆರೆಯನ್ನು ಅದು ಒಮ್ಮೆ ಗುರುತಿಸುತ್ತದೆ, ಒಮ್ಮೆ ಗುರುತಿಸುವುದಿಲ್ಲ. ಅಲ್ಲಿ ಮೊದಲ ಕೆಂಪನ್ನೇ ಕೊನೆಯ ತೀರ್ಪೆಂದು ಹಿಡಿದರೆ ಆಕೆ ಅಕ್ಕಿಯಿಲ್ಲದೆ ಮನೆಗೆ ಹೋಗಬೇಕು. ‘ಅಜ್ಜಿ, ಕೈ ಒರೆಸಿಕೊಂಡು ಇನ್ನೊಂದು ಸಲ ಒತ್ತಿ’ ಎನ್ನುವುದೇ ಅಲ್ಲಿ ಧರ್ಮ. ಆ ಬೆರಳೂ ಸಾಗದಿದ್ದರೆ ಬೇರೆ ದಾರಿಯಿಂದ ಆಕೆಯನ್ನು ಗುರುತಿಸುವುದೂ ಧರ್ಮವೇ. ಬೆಂಗಳೂರಿನ ಕಚೇರಿಯಲ್ಲಿ ತಪ್ಪಾದದ್ದು ಇಲ್ಲಿ ಸರಿಯಾಗುವುದು ಹೇಗೆ? ಗುಂಡಿಯನ್ನು ಮತ್ತೆ ಒತ್ತುವ ಕ್ರಿಯೆ ಎರಡು ಕಡೆಯೂ ಒಂದೇ. ಭೇದವಿರುವುದು, ಸಂಶಯದ ಭಾರವನ್ನು ಯಾರ ತಲೆಯ ಮೇಲೆ ಹೊರಿಸಿದೆವೆಂಬುದರಲ್ಲಿ.

ಇದೇ ಈ ವಿಚಾರದ ಮರ್ಮವೆಂದು ನನಗೆ ತೋರುತ್ತದೆ. ಅಂಗಡಿಯಲ್ಲಿ ಸುಳ್ಳುಕೆಂಪಿನ ನೋವು ಬೀಳುವುದು ಮುದುಕಿಯ ಮೇಲೆ. ಸಂಶಯದ ಲಾಭವನ್ನು ಆಕೆಗೆ ಕೊಡತಕ್ಕದ್ದು. ಸಾಫ್ಟ್‌ವೇರ್ ಕಚೇರಿಯಲ್ಲಿ ಸುಳ್ಳುಕೆಂಪಿನಿಂದ ನೋಯುವವನು ಕೆಲಸಗಾರ. ಅವನಿಗೆ ಒಂದು ಗಂಟೆಯ ಕಾಲ ನಷ್ಟ, ಒಂದಿಷ್ಟು ಬೇಸರ. ಆದರೆ ಅವನು ಆ ಬೇಸರದಿಂದ ನಿಜಗೆಂಪನ್ನೂ ತಳ್ಳಿಬಿಟ್ಟರೆ ನೋಯುವವರು ಬೇರೆ. ಈ ಶತಮಾನದ ಆರಂಭದಿಂದ ನಮ್ಮ ರಾಜ್ಯದ ಪಹಣಿಗಳು ಭೂಮಿ ಯೋಜನೆಯಂತೆ ಗಣಕಯಂತ್ರದಿಂದ ಬರುತ್ತಿವೆ. ಹಾಲಿನ ಬಟವಾಡೆ, ವೃದ್ಧಾಪ್ಯವೇತನ, ರೈಲಿನ ಟಿಕೆಟ್ಟು, ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿ, ಇವೆಲ್ಲ ಒಂದಲ್ಲ ಒಂದು ಸಾಫ್ಟ್‌ವೇರಿನ ಕೈಯಲ್ಲಿವೆ. ಮಳವಳ್ಳಿಯ ತಾಲ್ಲೂಕು ಕಚೇರಿಯ ಮುಂದೆ ಸಾಲಿನಲ್ಲಿ ನಿಂತವನಿಗೆ ತನ್ನ ಕಾಗದದ ಹಿಂದೆ ಪರೀಕ್ಷೆಯೆಂಬುದೊಂದು ಇದೆಯೆಂದು ತಿಳಿಯದು. ಅದು ಕೆಂಪಾಗಿತ್ತೆಂದೂ ಯಾರೋ ಮೂರು ಸಲ ಒತ್ತಿ ಅದನ್ನು ಹಸುರು ಮಾಡಿದರೆಂದೂ ಎಂದಿಗೂ ತಿಳಿಯದು. ಅಲಕ್ಷ್ಯಮಾಡುವ ಅಧಿಕಾರ ಒಬ್ಬನದು, ಅಲಕ್ಷ್ಯದ ಫಲ ಇನ್ನೊಬ್ಬನದು. ಸಂಶಯವಿರುವಲ್ಲಿ ಅದರ ಭಾರವನ್ನು ಹೊರಬೇಕಾದವನು ಅದನ್ನು ಪರಿಹರಿಸಲು ಶಕ್ತನಾದವನು. ಎದುರಿಗೆ ಇಲ್ಲದವನಲ್ಲ, ಅಶಕ್ತನಲ್ಲ. ಈ ಸೂತ್ರವನ್ನು ಹಿಡಿದರೆ ಅಂಗಡಿಯಲ್ಲಿ ಮತ್ತೆ ಒತ್ತಿಸುವುದೂ ಕಚೇರಿಯಲ್ಲಿ ಸುಮ್ಮನೆ ಒತ್ತದಿರುವುದೂ ಒಂದೇ ಧರ್ಮದ ಎರಡು ಮುಖಗಳಾಗಿ ಕಾಣುತ್ತವೆ.

ಇನ್ನೊಂದು ತೊಡಕನ್ನೂ ನೋಡಬೇಕು. ಪರೀಕ್ಷೆಯನ್ನು ಪರೀಕ್ಷಿಸುವವರು ಯಾರು, ಆ ಪರೀಕ್ಷಕನನ್ನು ಪರೀಕ್ಷಿಸುವವರು ಯಾರು ಎಂದು ಕೇಳುತ್ತ ಹೋದರೆ ಅನವಸ್ಥೆಯೇ ಹೊರತು ಅಂತ್ಯವಿಲ್ಲ. ಜ್ಞಾನಕ್ಕೆ ಪ್ರಾಮಾಣ್ಯವು ಸ್ವತಃ ಸಿದ್ಧ, ಬಾಧಕವು ಕಾಣುವವರೆಗೆ ಅದನ್ನು ನಂಬತಕ್ಕದ್ದೆಂದು ಮೀಮಾಂಸಕರು ವಾದಿಸಿದರು. ಅದು ಬೇರೆಯ ಆಧಾರದಿಂದ ನಿರ್ಧರವಾಗಬೇಕೆಂದು ನೈಯಾಯಿಕರು ವಾದಿಸಿದರು. ಆ ವಿವಾದವನ್ನು ತೀರ್ಮಾನಿಸುವ ಶಕ್ತಿ ಈ ಲೇಖಕನಿಗಿಲ್ಲ. ಆದರೆ ವ್ಯವಹಾರದಲ್ಲಿ ಎರಡು ಪಕ್ಷಗಳಿಗೂ ಎಡೆಯಿದೆಯೆಂದು ತೋರುತ್ತದೆ. ದಿನದ ಕೆಲಸದಲ್ಲಿ ನಾವೆಲ್ಲರೂ ಮೀಮಾಂಸಕರಾಗಿಯೇ ಬಾಳಬೇಕು. ಹಸುರನ್ನು ಹಸುರೆಂದೂ ಕೆಂಪನ್ನು ಕೆಂಪೆಂದೂ ನಂಬದೆ ಕೆಲಸ ಸಾಗದು. ಒಂದೇ ಬರಹಕ್ಕೆ ಒಂದೇ ಪರೀಕ್ಷೆಯು ಎರಡು ಉತ್ತರ ಕೊಟ್ಟ ಗಳಿಗೆಯಲ್ಲಿ ಮಾತ್ರ ಬಾಧಕವು ಕಾಣಿಸಿತು. ಅಂದಿನಿಂದ ಆ ಪರೀಕ್ಷೆಯ ಮಟ್ಟಿಗೆ ನಾವು ನೈಯಾಯಿಕರಾಗಬೇಕು. ಬಾಧಕವನ್ನು ಕಂಡೂ ಕಾಣದಂತಿರುವವನು ಮೀಮಾಂಸಕನೂ ಅಲ್ಲ, ನೈಯಾಯಿಕನೂ ಅಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಮತ್ತೊಮ್ಮೆ ಕೇಳುವುದಾದರೆ ತಿಳಿಯುವುದಕ್ಕಾಗಿ ಕೇಳಬೇಕು, ಬಿಡಿಸಿಕೊಳ್ಳುವುದಕ್ಕಾಗಿ ಅಲ್ಲ. ಮೊದಲ ಉತ್ತರವನ್ನು ಅಳಿಸದೆ ಬರೆದಿಟ್ಟು ಎರಡನೆಯದನ್ನು ಅದರ ಪಕ್ಕದಲ್ಲಿ ಬರೆದರೆ ಅದು ವಿಚಾರಣೆ. ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಮಾತ್ರ ಉಳಿಸಿಕೊಂಡರೆ ಅದು ವಂಚನೆ. ಎರಡನೆಯದಾಗಿ, ಒಡನೆಯೇ ವಿಚಾರಿಸಲು ಬಿಡುವಿಲ್ಲದ ಚಂಚಲಪರೀಕ್ಷೆಯನ್ನು ಉಳಿದವುಗಳಿಂದ ಬೇರೆಯಾಗಿ ಇಡಬಹುದು. ಮಾರ್ಟಿನ್ ಫೌಲರ್ ಎಂಬ ತಜ್ಞನು ೨೦೧೧ರಲ್ಲಿ ಈ ಉಪಾಯವನ್ನು ವಿವರಿಸಿ ಬರೆದಿದ್ದಾನೆ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಬಳಿಕ ನಮ್ಮ ಸೀಮೆಯ ಜನರು ಊರ ಹೊರಗೆ ಶೆಡ್ಡು ಹಾಕಿ ಇರುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಶೆಡ್ಡಿಗೆ ಹೋದವರು ಮರಳಿ ಊರಿಗೆ ಬರಬೇಕೆಂಬುದೇ ಅದರ ಉದ್ದೇಶ. ಅಲ್ಲಿಗೆ ಹೋಗಿ ನೋಡುವವರೇ ಇಲ್ಲದಿದ್ದರೆ ಅದು ಶೆಡ್ಡಲ್ಲ, ಸ್ಮಶಾನ. ಆದುದರಿಂದ ಹಾಗೆ ಬೇರೆಯಿಟ್ಟ ಪರೀಕ್ಷೆಗಳ ಸಂಖ್ಯೆಗೂ ಅವು ಅಲ್ಲಿರುವ ಕಾಲಕ್ಕೂ ಮಿತಿಯಿರತಕ್ಕದ್ದು.

ಮೂರನೆಯದಾಗಿ, ಎಷ್ಟು ತಿದ್ದಿದರೂ ತಿದ್ದಲಾಗದ, ತಿದ್ದುವ ಶ್ರಮಕ್ಕೆ ತಕ್ಕ ಪ್ರಯೋಜನವೂ ಇಲ್ಲದ ಪರೀಕ್ಷೆಯನ್ನು ಬಹಿರಂಗವಾಗಿ ತೆಗೆದುಹಾಕುವುದೇ ಮೇಲು. ತೆಗೆದರೆ ಆ ಭಾಗಕ್ಕೆ ಕಾವಲಿಲ್ಲವಲ್ಲ ಎಂದರೆ, ಹೌದು, ಇಲ್ಲ. ಆದರೆ ಕಾವಲಿಲ್ಲವೆಂದು ತಿಳಿದ ಹೊಲವನ್ನು ಒಡೆಯನು ಆಗಾಗ ಹೋಗಿ ನೋಡಿಬರುತ್ತಾನೆ. ಕಾವಲಿದೆಯೆಂದು ನಂಬಿದ ಹೊಲವನ್ನು ನೋಡುವವರಿಲ್ಲ. ಇಲ್ಲವೆಂಬ ಸತ್ಯವು ಇದೆಯೆಂಬ ಮಿಥ್ಯೆಗಿಂತ ಕಡಮೆ ಅಪಾಯದ್ದು. ಕೊನೆಯದಾಗಿ, ಪ್ರತಿಯೊಂದು ಪರೀಕ್ಷೆಗೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಒಡೆಯನಿರಬೇಕು. ನಮ್ಮ ಹಿರಿಯರು ಕೆರೆಯ ತೂಬನ್ನು ಊರಿಗೆಲ್ಲ ಒಪ್ಪಿಸಿ ಸುಮ್ಮನಾಗಲಿಲ್ಲ; ನೀರುಗಂಟಿಯೆಂಬವನನ್ನು ನೇಮಿಸಿದರು. ನೀರು ಊರಿನದು, ತೂಬಿನ ಹೊಣೆ ಅವನದು. ಸಾವಿರ ಮಂದಿ ಹಾದುಹೋಗುವ ದಾರಿಯಲ್ಲಿ ಬಿದ್ದ ಮುಳ್ಳನ್ನು ಸಾವಿರ ಮಂದಿಯೂ ದಾಟಿಕೊಂಡು ಹೋಗುತ್ತಾರೆ. ಅದನ್ನು ತೆಗೆಯುವವನು ಇದು ನನ್ನ ದಾರಿಯೆಂದು ತಿಳಿದವನು ಮಾತ್ರ.

ಇವೆಲ್ಲ ಬೆಂಗಳೂರಿನ ಕಚೇರಿಗಳಿಗೆ ಹೇಳಬೇಕಾದ ಮಾತು, ಮಂಡ್ಯದ ಮನೆಗಳಿಗೇಕೆ ಎಂದು ವಾಚಕರು ಕೇಳಬಹುದು. ಕೆಂಪನ್ನು ಕಂಡು ನಿಲ್ಲುವ ಶೀ‍ಲವನ್ನು ಯಾವ ಕಚೇರಿಯೂ ಮೊದಲಿನಿಂದ ಕಲಿಸಲಾರದು. ನಾಲಿಗೆಯ ಮೇಲೆ ಒಂದು, ಮನಸ್ಸಿನಲ್ಲಿ ಒಂದು ಇರುವ ಮನೆಯಲ್ಲಿ ಬೆಳೆದ ಮಗು ಎರಡು ಮಾತಾಡುವ ಯಂತ್ರವನ್ನು ಕಂಡು ಬೆರಗಾಗುವುದಿಲ್ಲ, ಲೋಕವೇ ಹೀಗೆಂದುಕೊಳ್ಳುತ್ತದೆ. ಇಂದು ಬೈದ ತಪ್ಪಿಗೆ ನಾಳೆ ನಗುವ ತಂದೆ, ದಿನಕ್ಕೆ ಹತ್ತು ಸಲ ‘ಬೇಡ’ವೆಂದು ಹತ್ತು ಸಲವೂ ಬಿಟ್ಟುಕೊಡುವ ತಾಯಿ, ಇವರೂ ಮಕ್ಕಳ ಪಾಲಿಗೆ ಚಂಚಲಸಾಕ್ಷಿಗಳೇ. ಇಂಥವರ ‘ಬೇಡ’ವು ಮಗು ನಿಜವಾಗಿಯೂ ಬಾವಿಯ ಕಟ್ಟೆಯನ್ನು ಹತ್ತಿದ ದಿನ ಅದರ ಕಿವಿಗೆ ಮುಟ್ಟುವುದಿಲ್ಲ. ಎಚ್ಚರಿಕೆಯ ಮಾತನ್ನು ಕಡಮೆಯಾಡಿ ಆಡಿದುದನ್ನು ನಡೆಸುವವನೇ ಎಚ್ಚರಿಕೆಗೆ ಬೆಲೆ ತರುವವನು. ಯಂತ್ರಕ್ಕೆ ನಾವು ಕಲಿಸಬೇಕಾದುದೂ ಇದೇ, ನಮಗೆ ನಾವು ಕಲಿಸಿಕೊಳ್ಳಬೇಕಾದುದೂ ಇದೇ.